ಅಂತರ್ನಗರ ವಿದ್ಯುತ್ ರೈಲುಗಳ ಉದಯಾಸ್ತ

ನಗರದ ಟ್ರಾಮಿಗೂ ದೂರಪ್ರಯಾಣದ ಉಗಿಬಂಡಿಗೂ ನಡುವಣ ಸಾರಿಗೆಯೊಂದು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಹುಟ್ಟಿ, ಒಂದು ತಲೆಮಾರಿನ ಕಾಲ ಮೆರೆದು, ಅಷ್ಟೇ ಶೀಘ್ರವಾಗಿ ಅಳಿಯಿತು. ಅಲ್ಲಿಯ ಜನ ಅದನ್ನು ‘ಇಂಟರ್‌ಅರ್ಬನ್’ ಎಂದು ಕರೆದರು. ‘ನಡುವೆ’, ‘ನಗರ’ ಎಂಬರ್ಥದ ಲ್ಯಾಟಿನ್ ಪದಗಳನ್ನು ಕೂಡಿಸಿ ಈ ಹೆಸರನ್ನು ಬಳಕೆಗೆ ತಂದವನು ಇಂಡಿಯಾನಾ ಸಂಸ್ಥಾನದ ಚಾರ್ಲ್ಸ್ ಹೆನ್ರಿ ಎಂಬ ಪ್ರತೀತಿಯಿದೆ. ಕನ್ನಡದಲ್ಲಿ ಇದನ್ನು ಅಂತರ್ನಗರ ರೈಲು ಎನ್ನಬಹುದು.

1888ರಲ್ಲಿ ಫ್ರಾಂಕ್ ಸ್ಪ್ರೇಗ್ ಎಂಬ ಇಂಜಿನಿಯರು ವರ್ಜೀನಿಯಾದ ರಿಚ್ಮಂಡ್ ನಗರದಲ್ಲಿ ವಿದ್ಯುತ್ ಟ್ರಾಮನ್ನು ಯಶಸ್ವಿಯಾಗಿ ನಡೆಸಿ ತೋರಿಸಿದನು. ನಗರದ ಬೀದಿಯಲ್ಲಿ ಓಡುವ ಬಂಡಿ ಊರಾಚೆಯ ಹೊಲಗಳನ್ನು ದಾಟಿ ನೆರೆಯ ಪಟ್ಟಣಕ್ಕೇಕೆ ಹೋಗಬಾರದೆಂಬ ಪ್ರಶ್ನೆ ಆಗ ಸಹಜವಾಗಿಯೇ ಎದ್ದಿತು. ಉಗಿಬಂಡಿ ದಿನಕ್ಕೆ ಕೆಲವೇ ಬಾರಿ ಬರುತ್ತಿತ್ತು. ವಿದ್ಯುತ್ ಬಂಡಿಯಾದರೋ ಹಲವೆಡೆ ಗಂಟೆಗೊಮ್ಮೆ ಬಂದು, ರೈತನ ಹೊಲದಂಚಿನಲ್ಲಿಯೂ ನಿಲ್ಲುತ್ತಿತ್ತು. ಹಾಲಿನ ಕ್ಯಾನು, ಅಂಚೆ, ದಿನಪತ್ರಿಕೆ ಎಲ್ಲವೂ ಅದರಲ್ಲಿಯೇ ಸಾಗಿದವು. 1916ರ ವೇಳೆಗೆ ಇಂತಹ ಮಾರ್ಗಗಳ ಒಟ್ಟು ಉದ್ದ ಸುಮಾರು 15,500 ಮೈಲಿಗಳನ್ನು ಮುಟ್ಟಿತ್ತು. ಓಹಾಯೋ, ಇಂಡಿಯಾನಾ ಸಂಸ್ಥಾನಗಳು ಇದರಲ್ಲಿ ಮುಂದಾಗಿದ್ದವು. ಇಂಡಿಯಾನಾಪೊಲಿಸ್ ನಗರದಲ್ಲಿ 1904ರಲ್ಲಿ ತೆರೆದ ನಿಲ್ದಾಣಕ್ಕೆ 9 ಹಳಿಗಳಿದ್ದವು.

ಈ ಮಾರ್ಗಗಳ ಡಿಪೋಗಳಿಗೆ ಒಂದು ವೈಶಿಷ್ಟ್ಯವಿತ್ತು. ಕಡಿಮೆ ಒತ್ತಡದ ಏಕಮುಖ ವಿದ್ಯುತ್ತು ತಂತಿಯಲ್ಲಿ ದೂರ ಸಾಗಿದಂತೆ ಕ್ಷೀಣಿಸುತ್ತದೆ. ಆದುದರಿಂದ ಹೆಚ್ಚಿನ ಒತ್ತಡದ ಪರ್ಯಾಯ ವಿದ್ಯುತ್ತನ್ನು ದೂರಕ್ಕೆ ಸಾಗಿಸಿ, ಕೆಲವು ಮೈಲಿಗಳಿಗೊಂದರಂತೆ ಕಟ್ಟಿದ ಉಪಕೇಂದ್ರಗಳಲ್ಲಿ ತಿರುಗುವ ಯಂತ್ರಗಳ ಮೂಲಕ ಸುಮಾರು 600 ವೋಲ್ಟಿನ ಏಕಮುಖ ವಿದ್ಯುತ್ತಾಗಿ ಪರಿವರ್ತಿಸುತ್ತಿದ್ದರು. ಅನೇಕ ಊರುಗಳಲ್ಲಿ ಇಂತಹ ಉಪಕೇಂದ್ರವೂ ಪ್ರಯಾಣಿಕರ ತಂಗುಕೋಣೆಯೂ ಒಂದೇ ಇಟ್ಟಿಗೆ ಕಟ್ಟಡದಲ್ಲಿದ್ದವು. ಹಳಿ ಕಿತ್ತುಹೋದ ಮೇಲೂ ಕೆಲವೆಡೆ ಈ ಕಟ್ಟಡಗಳು ಉಳಿದುಕೊಂಡಿವೆ.

ಪತನಕ್ಕೆ ಕಾರಣಗಳು ಹಲವು. ಫೋರ್ಡ್ ಕಂಪೆನಿಯ ಅಗ್ಗದ ಮೋಟಾರು 1908ರಲ್ಲಿ ಬಂದಿತು. ಸರಕಾರ ತೆರಿಗೆಯ ಹಣದಿಂದ ರಸ್ತೆಗಳನ್ನು ಹಾಸಿತು. ರೈಲು ಕಂಪೆನಿಯಾದರೋ ತನ್ನ ಹಳಿಯ ವೆಚ್ಚವನ್ನು ತಾನೇ ಭರಿಸಬೇಕಾಗಿತ್ತು. ನಗರದೊಳಗೆ ಬಂಡಿಗಳು ಬೀದಿಯ ಮೇಲೆಯೇ ಓಡಬೇಕಾದುದರಿಂದ ಮೋಟಾರುಗಳ ದಟ್ಟಣೆಯಲ್ಲಿ ಸಿಲುಕಿ ವೇಗ ಕಳೆದುಕೊಂಡವು. 1929ರ ಆರ್ಥಿಕ ಕುಸಿತ ಬಹುಪಾಲು ಕಂಪೆನಿಗಳನ್ನು ಮುಳುಗಿಸಿತು. ವಿದ್ಯುತ್ ವ್ಯವಹಾರದ ಒಡೆತನವನ್ನು ನಿಯಂತ್ರಿಸಿದ 1935ರ ಶಾಸನದಿಂದ, ಉಳಿದ ಕೆಲವಕ್ಕೆ ವಿದ್ಯುತ್ ಕಂಪೆನಿಗಳ ಆಸರೆಯೂ ತಪ್ಪಿತು.

ಅಳಿಯದೆ ಉಳಿದುದು ಷಿಕಾಗೋ ಮತ್ತು ಸೌತ್ ಬೆಂಡ್ ನಗರಗಳ ನಡುವಣ ಸೌತ್ ಷೋರ್ ಮಾರ್ಗ. ಸ್ಯಾಮ್ಯುಯೆಲ್ ಇನ್ಸುಲ್ 1925ರಲ್ಲಿ ಇದನ್ನು ಕೊಂಡು, ಮರುವರ್ಷ 1,500 ವೋಲ್ಟಿನ ಏಕಮುಖ ವಿದ್ಯುತ್ತಿಗೆ ಬದಲಿಸಿದನು. ಇಲಿನಾಯ್ ಸೆಂಟ್ರಲ್ ರೈಲಿನ ಹಳಿಗಳ ಮೇಲೆ ಅದರ ಬಂಡಿಗಳು ಬೀದಿಯ ಹಂಗಿಲ್ಲದೆ ಷಿಕಾಗೋ ನಗರದ ನಡುವಿಗೇ ಸೇರಿದವು. ಸರಕು ಸಾಗಣೆಯ ಆದಾಯವೂ ಕೈಹಿಡಿಯಿತು. 1970ರ ದಶಕದಲ್ಲಿ ಪ್ರಯಾಣಿಕರ ಸೇವೆ ನಿಲ್ಲುವ ಭೀತಿಯೊದಗಿದಾಗ ಸಾರ್ವಜನಿಕ ಸಂಸ್ಥೆಯೊಂದು 1977ರಲ್ಲಿ ರೂಪುಗೊಂಡು ಅದನ್ನು ಕಾಪಾಡಿತು. ಮಿಷಿಗನ್ ಸಿಟಿಯ ಬೀದಿಯಲ್ಲಿ ಈ ರೈಲು 2022ರವರೆಗೂ ಓಡಿತು. ಬೆವರ್ಲಿ ಷೋರ್ಸ್‌ನ ಹಳೆಯ ಡಿಪೋ ಇಂದು ವಸ್ತುಸಂಗ್ರಹಾಲಯವೂ ಆಗಿದೆ.

ಇದೇ 1,500 ವೋಲ್ಟಿನ ವಿದ್ಯುತ್ತಿನಿಂದಲೇ 1925ರ ಫೆಬ್ರವರಿ 3ರಂದು ಮುಂಬಯಿಯ ಬೋರಿಬಂದರಿನಿಂದ ಕುರ್ಲಾಕ್ಕೆ ಭಾರತದ ಮೊದಲ ವಿದ್ಯುತ್ ರೈಲು ಹೊರಟಿತೆಂಬುದು ಗಮನಾರ್ಹ. ಆದರೆ ಮುಂಬಯಿಯ ರೈಲು ಬೀದಿಗಿಳಿಯಲಿಲ್ಲ. ತನ್ನದೇ ಹಾದಿಯಲ್ಲಿ ನಗರದ ಒಡಲನ್ನು ಹೊಕ್ಕಿತು. ಆದುದರಿಂದ ಮೋಟಾರುಗಳು ಎಷ್ಟೇ ಹೆಚ್ಚಿದರೂ ಅದರ ಓಟಕ್ಕೆ ಅಡ್ಡಿಯಾಗಲಿಲ್ಲ. 2016ರ ವೇಳೆಗೆ ಅಲ್ಲಿನ ವಿದ್ಯುತ್ತು 25,000 ವೋಲ್ಟಿನ ಪರ್ಯಾಯ ಪ್ರವಾಹಕ್ಕೆ ಬದಲಾಯಿತು. ಹಾದಿ ಮಾತ್ರ ಹಳೆಯದೇ.

ಹಾದಿಯ ಬೆಲೆಯನ್ನು ಲಾಸ್ ಏಂಜಲೀಸ್ ನಗರವೂ ತಡವಾಗಿ ಅರಿತುಕೊಂಡಿತು. ಹೆನ್ರಿ ಹಂಟಿಂಗ್ಟನ್ 1901ರಲ್ಲಿ ಸ್ಥಾಪಿಸಿದ ಪೆಸಿಫಿಕ್ ಎಲೆಕ್ಟ್ರಿಕ್ ಕಂಪೆನಿಯ ಪ್ರಯಾಣಿಕ ಮಾರ್ಗಗಳಲ್ಲಿ ಕೊನೆಯದಾದ ಲಾಂಗ್ ಬೀಚ್ ಮಾರ್ಗವು 1961ರಲ್ಲಿ ನಿಂತಿತು. ಪ್ರಯಾಣಿಕ ಬಂಡಿಗಳು ಹೋದರೂ ಆ ನೆಲ ಕಟ್ಟಡಗಳ ಪಾಲಾಗಲಿಲ್ಲ. 1990ರಲ್ಲಿ ಬಹುಮಟ್ಟಿಗೆ ಅದೇ ಹಾದಿಯಲ್ಲಿ ಹೊಸ ವಿದ್ಯುತ್ ರೈಲು ಓಡತೊಡಗಿತು. ಅದರ ಪಕ್ಕದಲ್ಲಿ 1904ರ ವಾಟ್ಸ್ ಡಿಪೋ ಇಂದಿಗೂ ನಿಂತಿದೆ. ಬಂಡಿಯನ್ನು ಮತ್ತೆ ಕೊಳ್ಳಬಹುದು, ತಂತಿಯನ್ನು ಮತ್ತೆ ಎಳೆಯಬಹುದು. ಬೆಳೆದ ನಗರದ ನಡುವೆ ಒಮ್ಮೆ ಕೈಬಿಟ್ಟ ಹಾದಿಯನ್ನು ಮರಳಿ ಪಡೆಯುವುದು ದುಸ್ಸಾಧ್ಯ. ನಗರಗಳನ್ನು ಯೋಜಿಸುವವರು ಈ ಇತಿಹಾಸದಿಂದ ಗ್ರಹಿಸಬೇಕಾದ ಅಂಶವಿದು.