ಒಂದೇ ಬೀದಿಗೆ ಮೂರು ವ್ಯಾನು

ಅಮೆರಿಕದ ಮಧ್ಯಮ ಗಾತ್ರದ ಊರುಗಳಲ್ಲಿ ಬೆಳಗಿನ ಒಂಬತ್ತರ ಹೊತ್ತಿಗೆ ಒಂದೇ ಬೀದಿಗೆ ಮೂರು ವ್ಯಾನು ಬಂದು ಹೋಗುವುದುಂಟು. ಮೊದಲನೆಯದು ಡಯಾಲಿಸಿಸ್ ಮಾಡಿಸಿಕೊಳ್ಳುವ ಒಬ್ಬರಿಗಾಗಿ ಬಂದದ್ದು. ಬಾಡಿಗೆ ಬಡವರ ಆರೋಗ್ಯ ಯೋಜನೆಯಾದ ಮೆಡಿಕೇಡ್‌ನದು. ಎರಡನೆಯದು ಎದುರುಮನೆಯ ಅಜ್ಜಿಯನ್ನು ಹಿರಿಯರ ಕೇಂದ್ರದ ಮಧ್ಯಾಹ್ನದ ಊಟಕ್ಕೆ ಕರೆದೊಯ್ಯುತ್ತದೆ. ಅದಕ್ಕೆ 1965ರ ಹಿರಿಯ ಅಮೆರಿಕನ್ನರ ಕಾಯ್ದೆಯಡಿ ಹಣ ಬರುತ್ತದೆ. ಮೂರನೆಯದು ಮಾಜಿ ಸೈನಿಕರ ಆಸ್ಪತ್ರೆಗೆ ಹೊರಟದ್ದು, ಸ್ವಯಂಸೇವಕರು ಓಡಿಸುವಂಥದ್ದು. ಮೂರರಲ್ಲೂ ಅರ್ಧಕ್ಕರ್ಧ ಸೀಟು ಖಾಲಿ. ಅದೇ ಬೀದಿಯ ಕೊನೆಯ ಮನೆಯಲ್ಲಿ ಗಾಲಿಕುರ್ಚಿಯ ಮೇಲೆ ಕುಳಿತವರೊಬ್ಬರು ಕೆಲಸದ ಸಂದರ್ಶನಕ್ಕೆ ಹೋಗಬೇಕು, ಹೋಗುವ ದಾರಿ ಇಲ್ಲ. ಅವರ ಹೆಸರು ಈ ಮೂರು ಪಟ್ಟಿಗಳಲ್ಲಿ ಯಾವುದರಲ್ಲೂ ಇಲ್ಲ.

ಇದು ಯಾರೋ ಒಬ್ಬರ ಬೇಜವಾಬ್ದಾರಿಯಿಂದ ಆದದ್ದಲ್ಲ. ಅಮೆರಿಕದ ಸಂಸತ್ತಿಗೆ ಲೆಕ್ಕ ಪರಿಶೋಧಿಸಿಕೊಡುವ ಜಿಎಒ ಸಂಸ್ಥೆ 2003ರಲ್ಲಿ ಎಣಿಸಿದಾಗ, ಸ್ವಂತ ವಾಹನವಿಲ್ಲದವರ ಓಡಾಟಕ್ಕೆ ಹಣ ಕೊಡುವ ಒಕ್ಕೂಟ ಸರ್ಕಾರದ ಯೋಜನೆಗಳು 62 ಸಿಕ್ಕವು. 2012ರಲ್ಲಿ ಮತ್ತೆ ಎಣಿಸಿದಾಗ 80. ಆರೋಗ್ಯ, ಸಾರಿಗೆ, ಕಾರ್ಮಿಕ, ಶಿಕ್ಷಣ, ಮಾಜಿ ಸೈನಿಕರ ಇಲಾಖೆ, ಹೀಗೆ ಒಂದೊಂದೂ ತನ್ನ ಜನರನ್ನು ತನ್ನ ಕೆಲಸಕ್ಕೆ ಕರೆತರಲು ಒಂದಷ್ಟು ಹಣ ಎತ್ತಿಟ್ಟಿತು. ಪ್ರತಿಯೊಂದು ಯೋಜನೆಯನ್ನೂ ಪ್ರತ್ಯೇಕವಾಗಿ ನೋಡಿದರೆ ತಪ್ಪೇನೂ ಕಾಣುವುದಿಲ್ಲ. ಎಲ್ಲವೂ ಒಂದೇ ಬೀದಿಗೆ ಬಂದಾಗಲೇ ತೊಡಕು ಕಣ್ಣಿಗೆ ಬೀಳುವುದು.

ಹಾಗಾದರೆ ಇವರನ್ನೆಲ್ಲ ಒಂದೇ ವ್ಯಾನಿನಲ್ಲಿ ಕೂರಿಸಿದರಾಯಿತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಕೂರಿಸಿ ನೋಡೋಣ. ಹಿರಿಯರ ಕಾಯ್ದೆಯ ಹಣದಲ್ಲಿ ಹೋಗುವ ಅಜ್ಜಿಯಿಂದ ಟಿಕೆಟ್ ಹಣ ಕೇಳುವಂತಿಲ್ಲ, ಅವರು ಮನಸ್ಸಿದ್ದಷ್ಟು ಕಾಣಿಕೆ ಹಾಕಬಹುದು, ಅಷ್ಟೆ. ಪಕ್ಕದಲ್ಲಿ ಕೂತವರು ಮುಂದೆ ಹೇಳಲಿರುವ ಅಂಗವೈಕಲ್ಯದ ಕಾಯ್ದೆಯಡಿ ಪ್ರಯಾಣಿಸುವವರಾದರೆ, ಅವರಿಂದ ಊರ ಬಸ್ಸಿನ ದರದ ಎರಡರಷ್ಟರವರೆಗೆ ವಸೂಲು ಮಾಡಬಹುದು. ಮೆಡಿಕೇಡ್‌ನ ರೋಗಿಯ ವೆಚ್ಚವನ್ನು ಸರ್ಕಾರ ಭರಿಸುತ್ತದೆ, ಆದರೆ ವೈದ್ಯರ ಬಳಿಗೆ ಹೋಗುವುದಕ್ಕೆ ಮಾತ್ರ. ದಾರಿಯಲ್ಲಿ ದಿನಸಿ ಅಂಗಡಿಯಲ್ಲಿ ಇಳಿಯುತ್ತೇನೆಂದರೆ ಆ ಹಣ ಅಲ್ಲಿಗೆ ಬರುವುದಿಲ್ಲ. ಒಂದೇ ವ್ಯಾನು, ಮೂವರು ಪ್ರಯಾಣಿಕರು, ಮೂರು ಬಗೆಯ ಟಿಕೆಟ್ ನಿಯಮ. ಇದರ ಮೇಲೆ, ನನ್ನ ವಿಮೆ ನಿನ್ನ ಪ್ರಯಾಣಿಕರಿಗೆ ಅನ್ವಯಿಸುತ್ತದೆಯೇ, ಚಾಲಕನ ತರಬೇತಿ ಯಾರ ನಿಯಮದಂತೆ ಆಗಬೇಕು, ಅಜ್ಜಿಗಾಗಿ ನಾಲ್ಕು ಮೈಲಿ ಸುತ್ತಿದ ಖರ್ಚು ಯಾರ ಖಾತೆಗೆ ಎಂಬ ಪ್ರಶ್ನೆಗಳು. ಸಮನ್ವಯ ಎಂದು ಸಭೆಗಳಲ್ಲಿ ಗಂಭೀರವಾಗಿ ಹೇಳುವ ಮಾತಿನ ತಿರುಳು ಇಲ್ಲಿದೆ. ಅದು ವಾಹನದ ಸಮಸ್ಯೆಗಿಂತ ಹೆಚ್ಚಾಗಿ ಖಾತೆಪುಸ್ತಕದ ಸಮಸ್ಯೆ. ಕೂಡುಕುಟುಂಬದಲ್ಲಿ ಒಲೆ ಬೇರೆಯಾಗುವುದು ಅಕ್ಕಿಯ ಕೊರತೆಯಿಂದಲ್ಲ, ಲೆಕ್ಕದ ಜಗಳದಿಂದ, ಹಾಗೇ ಇದೂ.

ಈ ವ್ಯಾನುಗಳು ಹುಟ್ಟಿದ್ದು ಹೇಗೆ? ಎರಡನೆಯ ಮಹಾಯುದ್ಧದ ನಂತರ ಅಮೆರಿಕ ಕಾರಿಗೆ ತಕ್ಕಂತೆ ಊರು ಕಟ್ಟಿತು. ಸ್ಟಿಯರಿಂಗ್ ಹಿಡಿಯಲಾರದವರು ಮನೆಯಲ್ಲೇ ಉಳಿದರು. ವೃದ್ಧರಿಗೂ ಅಂಗವಿಕಲರಿಗೂ ಸಾರ್ವಜನಿಕ ಸಾರಿಗೆಯನ್ನು ಬಳಸುವ ಹಕ್ಕು ಇತರರಷ್ಟೇ ಇದೆ ಎಂದು 1970ರಲ್ಲಿ ಸಂಸತ್ತು ಸಾರಿಗೆ ಕಾಯ್ದೆಗೆ ಒಂದು ಸಾಲು ಸೇರಿಸಿತು. ಅನಂತರ ಲಾಭರಹಿತ ಸಂಸ್ಥೆಗಳಿಗೆ ವ್ಯಾನು ಕೊಳ್ಳಲು ಹಣ ಕೊಡುವ ಯೋಜನೆ ಬಂತು. ಅದೇ ಬೆಳೆದು ಇವತ್ತು ‘ಸೆಕ್ಷನ್ 5310’ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಚರ್ಚು, ವೃದ್ಧಾಶ್ರಮ, ಸೇವಾಸಂಸ್ಥೆ ಎಲ್ಲರ ಅಂಗಳಕ್ಕೂ ಒಂದೊಂದು ವ್ಯಾನು ಬಂತು. ಊರ ಬಸ್ಸಿನ ಮೆಟ್ಟಿಲು ಮಾತ್ರ ಹಾಗೇ ಇತ್ತು.

ಆ ಮೆಟ್ಟಿಲಿನ ವಿರುದ್ಧ ಎದ್ದವರು ಡೆನ್ವರ್ ನಗರದವರು. 1978ರ ಜುಲೈ 5ರಂದು ಕೋಲ್‌ಫ್ಯಾಕ್ಸ್ ಮತ್ತು ಬ್ರಾಡ್‌ವೇ ರಸ್ತೆಗಳು ಕೂಡುವಲ್ಲಿ 19 ಮಂದಿ ಅಂಗವಿಕಲರು ಬಸ್ಸುಗಳ ಮುಂದೆ, ಹಿಂದೆ ಗಾಲಿಕುರ್ಚಿ ಇಟ್ಟು ತಡೆದರು. ರಾತ್ರಿಯಿಡೀ ಅಲ್ಲಿಂದ ಕದಲಲಿಲ್ಲ. ಅವರಲ್ಲಿ ಹಲವರು ವೃದ್ಧಾಶ್ರಮದಂಥ ಸಂಸ್ಥೆಗಳಲ್ಲಿ ಯೌವನ ಕಳೆದವರು. ಅವರನ್ನು ಹೊರತಂದವನು ವೇಡ್ ಬ್ಲ್ಯಾಂಕ್ ಎಂಬ ಪಾದ್ರಿ. 1983ರಲ್ಲಿ ಇದೇ ಬಳಗ ‘ಅಡಾಪ್ಟ್’ ಎಂಬ ಸಂಘಟನೆಯಾಗಿ ದೇಶವ್ಯಾಪಿ ಹೋರಾಟಕ್ಕಿಳಿಯಿತು. ಅವರು ಬೇಡಿದ್ದು ಪ್ರತ್ಯೇಕ ವ್ಯಾನನ್ನಲ್ಲ, ಎಲ್ಲರೂ ಹತ್ತುವ ಬಸ್ಸಿಗೇ ಲಿಫ್ಟು. ವಿಶೇಷ ವಾಹನದಲ್ಲಿ ವಿಶೇಷ ವೇಳೆಗೆ ಹೋಗುವುದು ಕೂಡ ಒಂದು ಬಗೆಯ ಬೇಲಿ ಎಂಬುದು ಅವರ ವಾದ. ನನಗೆ ಆ ವಾದ ಇಂದಿಗೂ ಸರಿಯೆನಿಸುತ್ತದೆ. ಆದರೂ ಬಸ್ ನಿಲ್ದಾಣದವರೆಗೆ ಹಿಮದಲ್ಲಿ ಹೋಗಲಾರದವರು ಇದ್ದೇ ಇರುತ್ತಾರೆ, ಅವರಿಗೆ ವ್ಯಾನು ಬೇಕೇ ಬೇಕು.

1990ರ ಜುಲೈ 26ರಂದು ಸಹಿಯಾದ ಅಮೆರಿಕನ್ಸ್ ವಿತ್ ಡಿಸೆಬಿಲಿಟೀಸ್ ಆಕ್ಟ್, ಅಂದರೆ ಎಡಿಎ, ಈ ಎರಡನ್ನೂ ಸೇರಿಸಿಕೊಂಡಿತು. ಇನ್ನುಮುಂದೆ ಕೊಳ್ಳುವ ಹೊಸ ಬಸ್ಸಿಗೆಲ್ಲ ಗಾಲಿಕುರ್ಚಿ ಹತ್ತಬೇಕು. ಅಂಗವೈಕಲ್ಯದಿಂದಾಗಿ ಆ ಬಸ್ಸನ್ನೂ ಬಳಸಲಾಗದವರಿಗೆ ಬಸ್ ಸಂಸ್ಥೆಯೇ ಜೊತೆಸೇವೆಯಾಗಿ ವ್ಯಾನು ಓಡಿಸಬೇಕು, ಅದರ ಹೆಸರು ಪ್ಯಾರಾಟ್ರಾನ್ಸಿಟ್. ನಿಯಮಗಳು ಬಿಗಿಯಾಗಿವೆ: ಬಸ್ ಮಾರ್ಗದ ಎರಡೂ ಬದಿ ಮುಕ್ಕಾಲು ಮೈಲಿಯೊಳಗೆ, ಬಸ್ಸು ಓಡುವ ದಿನ, ಓಡುವ ಹೊತ್ತಿನಲ್ಲೆಲ್ಲ ಈ ಸೇವೆ ಇರಬೇಕು. ಇವತ್ತು ಫೋನ್ ಮಾಡಿದರೆ ನಾಳೆ ಸಿಗಬೇಕು. ಕೇಳಿದ ವೇಳೆಯನ್ನು ಮಾತನಾಡಿ ಒಂದು ಗಂಟೆ ಆಚೀಚೆ ಸರಿಸಬಹುದು, ಅದಕ್ಕಿಂತ ಹೆಚ್ಚಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಎಲ್ಲಿಗೆ, ಯಾಕೆ ಎಂದು ತೂಗಿ ನೋಡುವಂತಿಲ್ಲ. ಆಸ್ಪತ್ರೆಗೆ ಮೊದಲ ಸ್ಥಾನ, ಸಿನಿಮಾಕ್ಕೆ ಆಮೇಲೆ ಎನ್ನುವಂತಿಲ್ಲ.

ಹಕ್ಕು ದೊರೆಯಿತು, ಬಿಲ್ಲೂ ಬಂತು. ಜಿಎಒ ಲೆಕ್ಕದಂತೆ 2010ರಲ್ಲಿ ಇಂಥ ಒಂದು ವ್ಯಾನು ಪ್ರಯಾಣಕ್ಕೆ ಬಸ್ ಸಂಸ್ಥೆಗಳಿಗೆ ಸರಾಸರಿ 29.30 ಡಾಲರ್ ಬೀಳುತ್ತಿತ್ತು. ಮಾಮೂಲಿ ಬಸ್ಸಿನ ಪ್ರಯಾಣಕ್ಕೆ 8.15 ಡಾಲರ್. ಇದನ್ನು ಕಂಡ ಬೇರೆ ಇಲಾಖೆ, ಸಂಸ್ಥೆಗಳವರು ಒಂದು ಜಾಣತನ ಮಾಡಿದರು. ತಾವು ಅದುವರೆಗೆ ತಮ್ಮ ಹಣದಲ್ಲಿ ಕರೆತರುತ್ತಿದ್ದವರನ್ನು, ನಿಮಗೆ ಎಡಿಎ ಹಕ್ಕಿದೆಯಲ್ಲ, ಅಲ್ಲಿಗೆ ಫೋನ್ ಮಾಡಿ ಎಂದು ಸಾಗಹಾಕಿದರು. ಬಸ್ಸಿನ ದರದ ಎರಡರಷ್ಟು, ಅಂದರೆ ನಾಲ್ಕೈದು ಡಾಲರ್, ಕೊಟ್ಟು ಕೈತೊಳೆದುಕೊಂಡರೆ ಮಿಕ್ಕದ್ದೆಲ್ಲ ಬಸ್ ಸಂಸ್ಥೆಯ ತಲೆಗೆ. ಸರ್ಕಾರದ ಒಟ್ಟು ಖರ್ಚು ಒಂದು ಡಾಲರೂ ಇಳಿಯಲಿಲ್ಲ, ಒಂದು ಜೇಬಿನಿಂದ ಇನ್ನೊಂದಕ್ಕೆ ಹೋಯಿತು.

ಈ ಗಂಟನ್ನು ಎಡಿಎಗಿಂತ ಹನ್ನೊಂದು ವರ್ಷ ಮುಂಚೆಯೇ ಒಂದಿಷ್ಟು ಬಿಡಿಸಿದ ಊರು ಪಿಟ್ಸ್‌ಬರ್ಗ್. ಪೆನ್ ಹಿಲ್ಸ್ ಗುಡ್ಡದ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗಿಬಂದ ಕನ್ನಡಿಗರಿಗೆ ಆ ಊರಿನ ಏರಿಳಿತ ಗೊತ್ತು. ಮೂರು ನದಿ, ನೂರಾರು ದಿಬ್ಬ, ರಸ್ತೆಯ ಬದಲು ಮೆಟ್ಟಿಲೇ ಇರುವ ಬೀದಿಗಳು. ಉಕ್ಕಿನ ಕಾರ್ಖಾನೆಗಳು ಮುಚ್ಚಿದ ಮೇಲೆ ಯುವಕರು ಹೊರಟುಹೋದರು, ಮುದುಕರು ಉಳಿದರು. ಅಲ್ಲಿನ ಅಲೆಗೇನಿ ಕೌಂಟಿಯಲ್ಲಿ 1979ರಲ್ಲಿ ‘ಆಕ್ಸೆಸ್’ ಎಂಬ ಸೇವೆ ಪ್ರಯೋಗವಾಗಿ ಶುರುವಾಯಿತು. ಅದರ ವಿಶೇಷ ಏನೆಂದರೆ ವ್ಯಾನುಗಳು ಅದರ ಸ್ವಂತದ್ದಲ್ಲ. ಅದು ದಲ್ಲಾಳಿಯ ಕೆಲಸ ಮಾಡುತ್ತದೆ. ಒಂದು ಕಡೆ ವ್ಯಾನು ಓಡಿಸುವ ಕಂಪನಿಗಳು ಮತ್ತು ಲಾಭರಹಿತ ಸಂಸ್ಥೆಗಳು, ಇನ್ನೊಂದು ಕಡೆ ಹಣ ಕೊಡುವ ಇಲಾಖೆಗಳು ಮತ್ತು ಸೇವಾಸಂಸ್ಥೆಗಳು. ಪ್ರಯಾಣಿಕರು ಯಾರ ಪಟ್ಟಿಯವರೇ ಆಗಿರಲಿ, ಒಂದೇ ವ್ಯಾನಿನಲ್ಲಿ ಅಕ್ಕಪಕ್ಕ ಕೂರುತ್ತಾರೆ. ಯಾರ ಪಾಲು ಎಷ್ಟು ಎಂಬುದನ್ನು ಆಕ್ಸೆಸ್ ಕಚೇರಿ ಹಿಂದಿನಿಂದ ವಿಂಗಡಿಸುತ್ತದೆ. ಪ್ರಯಾಣಿಕರಿಗೆ ಆ ತಲೆನೋವು ತಿಳಿಯುವುದೇ ಇಲ್ಲ. ನನ್ನ ಮಟ್ಟಿಗೆ, ಸಮನ್ವಯ ಸರಿಯಾಗಿದೆಯೇ ಎಂದು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲಿಲ್ಲ.

ಅಲ್ಲಿ ಇನ್ನೊಂದು ಅನುಕೂಲವೂ ಕೂಡಿಬಂತು. ಪೆನ್ಸಿಲ್ವೇನಿಯಾ ರಾಜ್ಯದ ಲಾಟರಿಯ ಲಾಭ ಹಿರಿಯರಿಗೇ ಮೀಸಲು. 65 ದಾಟಿದವರು ಹೀಗೆ ಹಂಚಿಕೊಂಡ ವ್ಯಾನಿನಲ್ಲಿ ಹೋದರೆ ದರದ 85 ಪಾಲನ್ನು ಲಾಟರಿ ನಿಧಿ ಕೊಡುತ್ತದೆ, ಉಳಿದ 15 ಪಾಲು ಪ್ರಯಾಣಿಕರದು, ಇಲ್ಲವೇ ಅವರ ಪರವಾಗಿ ಯಾವುದಾದರೂ ಸಂಸ್ಥೆಯದು. (ಲಾಟರಿಯನ್ನು 2007ರಲ್ಲಿ ನಿಷೇಧಿಸಿದ ಕರ್ನಾಟಕದ ಓದುಗರಿಗೆ ಇದು ವಿಚಿತ್ರವೆನಿಸೀತು. ನನಗೂ ಜೂಜಿನ ಹಣದ ಬಗ್ಗೆ ಅಷ್ಟೇನೂ ಒಲವಿಲ್ಲ. ಆದರೆ ಈ ಹಣಕ್ಕೆ ಒಂದು ಗುಣವಿದೆ: ಅದು ವಯಸ್ಸು ನೋಡುತ್ತದೆ, ಯಾಕೆ ಹೊರಟಿರಿ ಎಂದು ಕೇಳುವುದಿಲ್ಲ.) ಖಾಲಿ ಸೀಟು ತುಂಬಲು ಇಂಥ ಷರತ್ತಿಲ್ಲದ ಹಣ ಒಂದು ಇದ್ದರೆ, ಷರತ್ತಿನ ಹಣಗಳನ್ನು ಅದರ ಸುತ್ತ ಜೋಡಿಸುವುದು ಸುಲಭ.

ದಲ್ಲಾಳಿ ವ್ಯವಸ್ಥೆಗೆ ಇನ್ನೊಂದು ಮುಖವೂ ಇದೆ. ಮೆಡಿಕೇಡ್ ಪ್ರಯಾಣಗಳನ್ನು ದಲ್ಲಾಳಿಗೆ ವಹಿಸಲು 2005ರ ಕಾನೂನೊಂದು ರಾಜ್ಯಗಳಿಗೆ ದಾರಿ ಸಲೀಸು ಮಾಡಿತು. ಹಲವು ರಾಜ್ಯಗಳು ಖಾಸಗಿ ಕಂಪನಿಗಳಿಗೆ ತಲೆಗಿಷ್ಟು ಎಂದು ಹಣ ನಿಗದಿಮಾಡಿ ಕೊಟ್ಟವು. ಇಂಥ ಗುತ್ತಿಗೆಯಲ್ಲಿ ಪ್ರಯಾಣ ಕಡಿಮೆಯಾದಷ್ಟೂ ಕಂಪನಿಗೆ ಉಳಿತಾಯ. ಪಿಟ್ಸ್‌ಬರ್ಗ್‌ನ ದಲ್ಲಾಳಿ ಎಲ್ಲ ಇಲಾಖೆಯವರನ್ನೂ ಒಂದೆಡೆ ಕೂಡಿಸಿದರೆ, ಈ ದಲ್ಲಾಳಿ ಮೆಡಿಕೇಡ್‌ನವರನ್ನು ಮಾತ್ರ ಬೇರೆ ತೆಗೆಯುತ್ತಾನೆ. ಹಳ್ಳಿಗಾಡಿನ ಕೌಂಟಿಗಳಲ್ಲಿ ಡಯಾಲಿಸಿಸ್ ರೋಗಿಗಳು ವಾರಕ್ಕೆ ಮೂರು ದಿನ ತಪ್ಪದೆ ಬರುವ ಪ್ರಯಾಣಿಕರು. ಅವರ ಹಣದ ಆಧಾರದಲ್ಲೇ ವ್ಯಾನು ಓಡುತ್ತಿರುತ್ತದೆ, ಉಳಿದ ಸೀಟುಗಳಲ್ಲಿ ಮಿಕ್ಕವರು ಹೋಗುತ್ತಿರುತ್ತಾರೆ. ಅವರನ್ನು ಟ್ಯಾಕ್ಸಿಗೆ ಹತ್ತಿಸಿಬಿಟ್ಟರೆ ಆ ಒಂದು ಖಾತೆಯಲ್ಲಿ ಉಳಿತಾಯ ಕಾಣುತ್ತದೆ, ವ್ಯಾನು ನಿಲ್ಲುತ್ತದೆ. ಒಂದೇ ಪದ್ಧತಿ ಒಂದು ಕಡೆ ಕಟ್ಟುತ್ತದೆ, ಇನ್ನೊಂದು ಕಡೆ ಕೆಡವುತ್ತದೆ. ಗುತ್ತಿಗೆ ಪತ್ರದಲ್ಲಿ ಏನು ಬರೆದಿದೆ ಎಂಬುದರ ಮೇಲೆ ಎಲ್ಲ ನಿಂತಿದೆ.

ವಾಷಿಂಗ್ಟನ್‌ಗೆ ಇದೆಲ್ಲ ಗೊತ್ತಿಲ್ಲದೆ ಇಲ್ಲ. 2004ರ ಫೆಬ್ರವರಿಯಲ್ಲಿ ಅಧ್ಯಕ್ಷ ಬುಷ್ ಆದೇಶ ಹೊರಡಿಸಿ ಹನ್ನೊಂದು ಇಲಾಖೆ, ಸಂಸ್ಥೆಗಳ ಸಮನ್ವಯ ಮಂಡಳಿ ಮಾಡಿದರು. ಆದೇಶದಿಂದ ಇಲಾಖೆಗಳು ಒಂದು ಮೇಜಿನ ಸುತ್ತ ಕೂತವು, ಹೆಚ್ಚೇನೂ ಆಗಲಿಲ್ಲವೆನ್ನಬೇಕು. ನಿಜವಾಗಿ ಹಿಡಿತ ತಂದದ್ದು ಮರುವರ್ಷದ ಸಾರಿಗೆ ಕಾನೂನು. ಸೆಕ್ಷನ್ 5310ರ ಹಣ ಬೇಕಾದರೆ, ಸ್ಥಳೀಯರೇ ಕೂತು ಮಾಡಿದ ಸಮನ್ವಯ ಯೋಜನೆಯೊಂದು ಇರಬೇಕು, ಕೇಳುವ ವ್ಯಾನು ಆ ಯೋಜನೆಗೆ ಹೊಂದಿಕೊಳ್ಳಬೇಕು. ಯೋಜನೆ ಮಾಡುವಾಗ ಹಿರಿಯರೂ ಅಂಗವಿಕಲರೂ ಸಭೆಯಲ್ಲಿರಬೇಕು. ಮೊಬಿಲಿಟಿ ಮ್ಯಾನೇಜರ್ ಎಂಬ ಹೊಸ ಹುದ್ದೆ ಹಬ್ಬಿದ್ದೂ ಆ ಹೊತ್ತಿನಲ್ಲೇ. ಫೋನೆತ್ತಿ, ನಿಮಗೆ ಯಾವ ಸೇವೆ ಹೊಂದುತ್ತದೆ, ಯಾವ ಅರ್ಜಿ ತುಂಬಬೇಕು ಎಂದು ಹೇಳುವುದು, ಸಂಸ್ಥೆಗಳ ನಡುವೆ ಓಡಾಡಿ ಒಪ್ಪಂದ ಮಾಡಿಸುವುದು ಅವರ ಕೆಲಸ. ಇವರ ಸಂಬಳವನ್ನು ಕಾನೂನು ಬಂಡವಾಳ ವೆಚ್ಚವೆಂದು ಗಣಿಸುತ್ತದೆ, ವ್ಯಾನು ಕೊಂಡ ಹಾಗೆ. ಯಾಕೆಂದರೆ ಬಂಡವಾಳಕ್ಕೆ ಒಕ್ಕೂಟದ ಪಾಲು ಶೇ. 80, ದಿನನಿತ್ಯದ ಖರ್ಚಿಗೆ ಶೇ. 50. ಜೀವಂತ ಮನುಷ್ಯನನ್ನು ವಾಹನದ ಸಾಲಿಗೆ ಸೇರಿಸಿ ಅವನಿಗೆ ಸಂಬಳ ಹೊಂದಿಸಿದ ಆ ಗುಮಾಸ್ತನಿಗೆ ಒಂದು ನಮಸ್ಕಾರ ಹೇಳಲೇಬೇಕು.

ಇಷ್ಟಾದರೂ ಗಡಿಗಳು ಉಳಿದಿವೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತ 9 ಕೌಂಟಿ, 27 ಸಾರಿಗೆ ಸಂಸ್ಥೆ. ಕನ್ನಡ ಮನೆಗಳು ಬೇಕಾದಷ್ಟಿರುವ ಫ್ರೀಮಾಂಟ್ ಇರುವುದು ಅಲಮೀಡಾ ಕೌಂಟಿಯಲ್ಲಿ. ಡಂಬಾರ್ಟನ್ ಸೇತುವೆ ದಾಟಿದರೆ ಸ್ಯಾನ್ ಮಟೇಯೊ ಕೌಂಟಿ, ಇನ್ನೊಂದಿಷ್ಟು ಮುಂದೆ ಸ್ಟ್ಯಾನ್‌ಫರ್ಡ್ ಆಸ್ಪತ್ರೆಗೆ ಹೋದರೆ ಸ್ಯಾಂಟಾ ಕ್ಲಾರಾ ಕೌಂಟಿ. ಕಾರಿನಲ್ಲಿ ಹೋಗುವವರಿಗೆ ಈ ಗೆರೆಗಳು ಕಾಣುವುದಿಲ್ಲ. ವ್ಯಾನಿನವರು ಒಂದು ಸಂಸ್ಥೆಯ ವಾಹನದಿಂದ ಇಳಿದು ಇನ್ನೊಂದರದ್ದಕ್ಕೆ ಕಾಯಬೇಕಾಗಬಹುದು. ಸಮಾಧಾನದ ಸಂಗತಿಯೆಂದರೆ ಅರ್ಹತೆಯ ದಾಖಲೆಯನ್ನು ಆ ಪ್ರದೇಶದ ಸಂಸ್ಥೆಗಳು ಹಂಚಿಕೊಂಡಿವೆ. ಒಂದು ಕಡೆ ಒಪ್ಪಿದವರನ್ನು ಇನ್ನೊಂದು ಕಡೆ ಮತ್ತೆ ಪರೀಕ್ಷೆಗೆ ಕೂರಿಸುವುದಿಲ್ಲ.

ಮಕ್ಕಳ ಮನೆಗೆಂದು ಇಲ್ಲಿಂದ ಹೋಗುವ ತಂದೆತಾಯಿಗೆ ಉಪಯೋಗಕ್ಕೆ ಬರುವ ನಿಯಮವೊಂದು ಎಡಿಎಯಲ್ಲಿದೆ, ಹೆಚ್ಚಿನವರಿಗೆ ಅದು ತಿಳಿದಿಲ್ಲ. ಬಸ್ ಸಂಸ್ಥೆಯ ವ್ಯಾಪ್ತಿಯಲ್ಲಿ ವಾಸವಿಲ್ಲದ ಅಂಗವಿಕಲರು ಅಲ್ಲಿಗೆ ಭೇಟಿ ಕೊಟ್ಟಾಗ, ಒಂದು ವರ್ಷದ ಅವಧಿಯಲ್ಲಿ 21 ದಿನ ಅವರಿಗೂ ಈ ವ್ಯಾನು ಸಿಗಬೇಕು. ಬೇರೆ ಊರಿನವರೆಂದು ತೋರಿಸುವ ದಾಖಲೆ ಕೇಳಬಹುದು. ಅಂಗವೈಕಲ್ಯ ಮೇಲ್ನೋಟಕ್ಕೆ ಕಾಣದಿದ್ದರೆ ಅದಕ್ಕೂ ಒಂದು ಪತ್ರ ಬೇಕಾದೀತು. ಬರೀ ವಯಸ್ಸಾಗಿದೆ ಎಂದರೆ ಸಾಲದು, ಬಸ್ಸು ಬಳಸಲಾಗದ ತೊಂದರೆ ಇರಬೇಕು. ಮೂರು ತಿಂಗಳು, ಆರು ತಿಂಗಳು ಉಳಿಯುವವರಿಗೆ 21 ದಿನ ಏನೂ ಸಾಲದು. ಅಂಥವರು ಮಾಮೂಲಿ ಅರ್ಜಿಯನ್ನೇ ಹಾಕಬೇಕು. ತುಂಬಿದ ಅರ್ಜಿಗೆ 21 ದಿನದೊಳಗೆ ಉತ್ತರ ಬರದಿದ್ದರೆ, ತೀರ್ಮಾನವಾಗುವವರೆಗೆ ಅವರನ್ನು ಅರ್ಹರೆಂದೇ ಎಣಿಸಿ ವ್ಯಾನು ಕಳಿಸಬೇಕು. ಅಲ್ಲಿಗೆ ತಲುಪಿದ ಮೊದಲ ವಾರವೇ ಅರ್ಜಿ ಹಾಕುವುದು ಲೇಸು.