ಸಂಜೆ 8ಕ್ಕೆ ರಷ್ಯನ್ ಕ್ಲಾಸು

ಅಕ್ಷರ ಬಂತು, ಅಂಕಿ ಬಂತು, ಹೆಸರು-ಊರು ಹೇಳೋದೂ ಬಂತು. ರಷ್ಯನ್ ಬೆವರಿಳಿಸೋದು ಇಲ್ಲಿಂದ ಮುಂದೆ.

ವಿಭಕ್ತಿ ಆರು. ಕನ್ನಡದವರಿಗೆ ಅದೇನು ಹೊಸದಲ್ಲ. ಮನೆಯನ್ನು, ಮನೆಗೆ, ಮನೆಯಲ್ಲಿ ಅಂತ ದಿನಾ ಹೇಳ್ತೀವಿ. ಆದ್ರೆ ನಾವು 'ದೊಡ್ಡ ಮನೆಯಲ್ಲಿ' ಅಂದಾಗ 'ದೊಡ್ಡ' ಅಲ್ಲಾಡಲ್ಲ. ರಷ್ಯನ್ನಿನಲ್ಲಿ ಅದೂ ಬದಲಾಗಬೇಕು. ದೊಡ್ಡ ಮನೆ, 'ಬಲ್ಶೋಯ್ ದೋಮ್'. ದೊಡ್ಡ ಮನೆಯಲ್ಲಿ, 'ವ್ ಬಲ್ಶೋಮ್ ದೋಮ್ಯೆ'.

ಕ್ರಿಯಾಪದಗಳು ಬಹುಮಟ್ಟಿಗೆ ಜೋಡಿ ಜೋಡಿ. ಓದ್ತಾ ಇದ್ದ ಅನ್ನೋಕೆ 'ಚಿತಾಲ್', ಓದಿ ಮುಗಿಸಿದ ಅನ್ನೋಕೆ 'ಪ್ರಚಿತಾಲ್'. ಕೆಲಸ ಮುಗೀತೋ ಇಲ್ವೋ, ಬಾಯಿ ಬಿಡೋ ಮೊದಲೇ ತೀರ್ಮಾನ ಆಗಿರಬೇಕು. 'ಹೋಗೋದು' ಇನ್ನೂ ತರ್ಲೆ: ನಡೆದು ಹೋದ್ರೆ ಒಂದು ಕ್ರಿಯಾಪದ, ಬಸ್ಸಲ್ಲಿ ಹೋದ್ರೆ ಇನ್ನೊಂದು, ದಿನಾ ಹೋಗಿ ಬರೋದಾದ್ರೆ ಬೇರೆಯದೇ!

ಇದೆಲ್ಲ ಪುಸ್ತಕ ನೋಡಿ ಬರಲ್ಲ, ತಿದ್ದೋರು ಎದುರಿಗಿರಬೇಕು, ಆನ್‌ಲೈನಲ್ಲಾದ್ರೂ ಸರಿ. ನಮ್ಮಲ್ಲಿ ಸಂಜೆ 8 ಆದಾಗ ಮಾಸ್ಕೋದಲ್ಲಿ 5.30. ನೀವು ಆಫೀಸು ಮುಗಿಸಿ ಊಟಕ್ಕೆ ಮುಂಚೆ ಕೂತ್ರೂ ಅಲ್ಲಿನ ಟೀಚರ್ ಸಿಗ್ತಾರೆ. ದುಡ್ಡು ಕಟ್ಟೋ ಮೊದಲು ಬ್ಯಾಚಲ್ಲಿ ಎಷ್ಟು ಜನ ಅಂತ ಕೇಳಿ. ಇಪ್ಪತ್ತು ಜನ ಇದ್ರೆ ನಿಮ್ಮ ಸರದಿ ಬರೋಷ್ಟರಲ್ಲಿ ಕ್ಲಾಸೇ ಮುಗಿದಿರುತ್ತೆ. ಒಂದು ಹೆಡ್‌ಫೋನೂ ಇರಲಿ; ಒತ್ತು ಬೀಳದ 'ಓ' 'ಅ' ಥರ ಕೇಳಿಸೋದು ಅದ್ರಲ್ಲೇ ಸರಿಯಾಗಿ ಗೊತ್ತಾಗೋದು.

ಒಂದು ಗುರಿ ಬೇಕು ಅನ್ನೋರಿಗೆ ಟಾರ್ಫಲ್ ಅನ್ನೋ ರಷ್ಯನ್ ಭಾಷಾ ಪರೀಕ್ಷೆ ಇದೆ. ಅದರಲ್ಲಿ 'ಮೊದಲ ಹಂತ' ಅಂತ ಕರೆಯೋದು ಬಿ1 ಮಟ್ಟವನ್ನ. ಸುಮಾರು 2300 ಪದ. ವ್ಯಾಕರಣ, ಓದು, ಆಲಿಸೋದು, ಬರಹ, ಮಾತು, ಐದು ಭಾಗ. ಪದಗಳನ್ನ ಮೆಟ್ರೋದಲ್ಲಿ ಉರು ಹೊಡೀರಿ, ಕ್ಲಾಸಿನ ಹೊತ್ತನ್ನ ಮಾತಿಗೇ ಇಟ್ಕೊಳ್ಳಿ.