ಪ್ರಾಥಮಿಕ ಚುನಾವಣೆಗಳೂ ಪರಪಕ್ಷದ ಮತದಾರರೂ

೧. ವಿಷಯ ನಿರೂಪಣೆ

ಪ್ರಜಾಪ್ರಭುತ್ವವು ನೆಲೆಗೊಂಡಿರುವ ದೇಶಗಳಲ್ಲೆಲ್ಲ ಮತದಾರನ ಮುಂದೆ ಬರುವ ಹೆಸರುಗಳನ್ನು ಮೊದಲು ಗೊತ್ತುಮಾಡುವವರು ಯಾರು ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಮತಾಧಿಕಾರವು ಎಷ್ಟೇ ವಿಶಾಲವಾಗಿದ್ದರೂ, ಆರಿಸಿಕೊಳ್ಳಲು ದೊರೆಯುವ ಹೆಸರುಗಳು ಎರಡೋ ಮೂರೋ ಮಾತ್ರವಾದರೆ, ಅವನ್ನು ನಿಶ್ಚಯಿಸಿದವರ ಕೈಯಲ್ಲಿಯೇ ಅಧಿಕಾರದ ಬಹುಭಾಗ ಉಳಿಯುತ್ತದೆ. ನಮ್ಮಲ್ಲಿ ಈ ಕೆಲಸ ಪಕ್ಷಗಳ ಮುಖಂಡರದು. “ಟಿಕೆಟ್ಟು ಕೊಡುವುದು” ಎಂಬ ರೂಢಿಯ ಮಾತೇ ಕೊಡುವವರು ಮೇಲಿನವರು, ಬೇಡುವವರು ಕೆಳಗಿನವರು ಎಂಬುದನ್ನು ಸೂಚಿಸುತ್ತದೆ. ೨೦೧೪ರ ಲೋಕಸಭಾ ಚುನಾವಣೆಗೆ ಮುಂಚೆ ಕಾಂಗ್ರೆಸ್ ಪಕ್ಷವು ಕೆಲವು ಕ್ಷೇತ್ರಗಳಲ್ಲಿ, ಕರ್ನಾಟಕದ ಮಟ್ಟಿಗೆ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡಗಳಲ್ಲಿ, ಪಕ್ಷದೊಳಗಿನವರ ಮತದಿಂದಲೇ ಅಭ್ಯರ್ಥಿಯನ್ನು ಆರಿಸುವ ಪ್ರಯೋಗವನ್ನು ಮಾಡಿದ್ದುಂಟು. ಆದರೆ ಅದು ಪಕ್ಷವು ತಾನಾಗಿ ಮಾಡಿಕೊಂಡ ಏರ್ಪಾಡು, ಶಾಸನದ ವಿಧಿಯಲ್ಲ.

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿಯಾದರೋ ಒಂದು ಶತಮಾನಕ್ಕೂ ಮೇಲ್ಪಟ್ಟ ಕಾಲದಿಂದ ಈ ಆಯ್ಕೆಯು ಶಾಸನದ ಮೂಲಕವೇ ಸಾಮಾನ್ಯ ಮತದಾರರಿಗೆ ಸೇರಿದೆ. ಮುಖ್ಯ ಚುನಾವಣೆಗೆ ಕೆಲವು ತಿಂಗಳ ಮುಂಚೆ ನಡೆಯುವ ಈ ಮತದಾನಕ್ಕೆ ಅಲ್ಲಿ “ಪ್ರೈಮರಿ” ಎಂದು ಹೆಸರು; ನಾವು “ಪ್ರಾಥಮಿಕ ಚುನಾವಣೆ” ಎನ್ನೋಣ. ಪಕ್ಷಕ್ಕೆ ಸೇರಿದವರೆಂದು ಮತದಾರರ ಪಟ್ಟಿಯಲ್ಲಿ ಬರೆಸಿಕೊಂಡವರಿಗೆ ಮಾತ್ರ ಪ್ರವೇಶವಿರುವ ಪ್ರಾಥಮಿಕವನ್ನು “ಸಂವೃತ”ವೆಂದೂ, ಯಾರು ಬೇಕಾದರೂ ಬಂದು ಮತ ಕೊಡಬಹುದಾದುದನ್ನು “ವಿವೃತ”ವೆಂದೂ ಕರೆಯಬಹುದು. ಮುಚ್ಚಿದ್ದು, ತೆರೆದದ್ದು ಎಂಬ ಅರ್ಥದಲ್ಲಿ ಈ ಎರಡು ಶಬ್ದಗಳೂ ನಮ್ಮ ವ್ಯಾಕರಣದ ವರ್ಣವಿಚಾರದಲ್ಲಿ ಪರಿಚಿತವಾದುವೇ ಆಗಿವೆ. ನ್ಯೂಯಾರ್ಕ್, ಪೆನ್ಸಿಲ್ವೇನಿಯಾ, ಫ್ಲಾರಿಡಾ ಸಂಸ್ಥಾನಗಳದು ಸಂವೃತ ಪದ್ಧತಿ. ವಿಸ್ಕಾನ್ಸಿನ್, ಟೆಕ್ಸಾಸ್, ಮಿಸಿಸಿಪಿಗಳದು ವಿವೃತ ಪದ್ಧತಿ. ಇವೆರಡರ ನಡುವೆ, ಯಾವ ಪಕ್ಷಕ್ಕೂ ಸೇರದವರನ್ನು ಒಳಗೆ ಬಿಟ್ಟು ಪರಪಕ್ಷದವರನ್ನು ಹೊರಗಿಡುವ ಮಿಶ್ರಪದ್ಧತಿಗಳೂ ಉಂಟು.

ಒಂದು ಪಕ್ಷದ ಅಭ್ಯರ್ಥಿಯನ್ನು ಆರಿಸುವಲ್ಲಿ ಇನ್ನೊಂದು ಪಕ್ಷದವರಿಗೆ ಅವಕಾಶವಿರಬೇಕೆ ಎಂಬುದು ಇಲ್ಲಿ ವಿಚಾರಿಸಬೇಕಾದ ವಿಷಯ. ಪ್ರಾಥಮಿಕ ಚುನಾವಣೆಯೆಂಬುದು ಪಕ್ಷದ ಮನೆಯೋ ಊರಿನ ಚಾವಡಿಯೋ ಎಂಬುದನ್ನು ತಿಳಿದಹೊರತು ಇದಕ್ಕೆ ಉತ್ತರ ದೊರೆಯದೆಂದೂ, ಅದು ಎಲ್ಲ ಕಡೆಯೂ ಒಂದೇ ಆಗಿಲ್ಲವೆಂದೂ ತೋರಿಸುವುದು ಈ ಲೇಖನದ ಉದ್ದೇಶ.

೨. ಪದ್ಧತಿಯ ಉಗಮ

ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಪಕ್ಷಗಳು ತಮ್ಮ ಅಭ್ಯರ್ಥಿಗಳನ್ನು ಪ್ರತಿನಿಧಿಗಳ ಸಮ್ಮೇಳನಗಳಲ್ಲಿ ಆರಿಸುತ್ತಿದ್ದುವು. ಹೆಸರಿಗೆ ಪ್ರತಿನಿಧಿಗಳ ಸಭೆಯಾದರೂ ಅದರ ಸೂತ್ರವು ಹಲವೆಡೆ ಸ್ಥಳೀಯ ನಾಯಕರ ಕೈಯಲ್ಲಿತ್ತು. ವಿಸ್ಕಾನ್ಸಿನ್ನಿನ ರಿಪಬ್ಲಿಕನ್ ಮುಖಂಡ ರಾಬರ್ಟ್ ಲಾ ಫಾಲೆಟ್ ಇದನ್ನು ಸ್ವಾನುಭವದಿಂದ ಬಲ್ಲವನು. ಗವರ್ನರ್ ಪದವಿಗೆ ಪಕ್ಷದ ಅಭ್ಯರ್ಥಿಯಾಗಬೇಕೆಂದು ೧೮೯೬ರಲ್ಲಿಯೂ ೧೮೯೮ರಲ್ಲಿಯೂ ಪ್ರಯತ್ನಿಸಿ ಸಮ್ಮೇಳನಗಳಲ್ಲಿ ಸೋತು, ೧೯೦೦ರಲ್ಲಿ ಗೆದ್ದು, ಮರುವರ್ಷ ಅಧಿಕಾರಕ್ಕೆ ಬಂದ ಆತನು ಪ್ರತ್ಯಕ್ಷ ಪ್ರಾಥಮಿಕ ಚುನಾವಣೆಯನ್ನೇ ತನ್ನ ಮುಖ್ಯ ಸುಧಾರಣೆಯನ್ನಾಗಿ ಹಿಡಿದನು. ೧೯೦೩ರಲ್ಲಿ ಶಾಸನಸಭೆಯು ಒಪ್ಪಿದ ಕಾನೂನನ್ನು ೧೯೦೪ರಲ್ಲಿ ಜನರು ನೇರವಾದ ಮತದಿಂದ ಸ್ಥಿರಪಡಿಸಿದರು. ೧೯೦೬ರಲ್ಲಿ ಅದು ಆಚರಣೆಗೆ ಬಂದಿತು. ಈ ಪ್ರಾಥಮಿಕವು ವಿವೃತವಾದುದು. ಮತದಾರನು ತಾನು ಯಾವ ಪಕ್ಷದವನೆಂದು ಯಾರಿಗೂ ಹೇಳಬೇಕಾಗಿಲ್ಲ. ಗುಪ್ತವಾಗಿ ಒಂದು ಪಕ್ಷದ ಪಟ್ಟಿಯನ್ನು ಆರಿಸಿಕೊಂಡು ಮತ ಕೊಡಬಹುದು.

ಇಲ್ಲಿ ನಮ್ಮ ವಾಚಕರು ಒಂದು ವಿಶೇಷವನ್ನು ಗಮನಿಸಬೇಕು. ನಮ್ಮಲ್ಲಿ ಪಕ್ಷದ ಸದಸ್ಯನೆಂದರೆ ಚಂದಾ ಕೊಟ್ಟು, ನಿಯಮಗಳಿಗೆ ಒಪ್ಪಿ, ಪಕ್ಷದ ದಫ್ತರದಲ್ಲಿ ಹೆಸರು ಬರೆಸಿದವನು. ಅಮೆರಿಕದಲ್ಲಿ ಹಾಗಲ್ಲ. ಸಂವೃತ ಸಂಸ್ಥಾನಗಳಲ್ಲಿ ಮತದಾರನು ತನ್ನ ಪಕ್ಷವನ್ನು ಸರ್ಕಾರದ ಪಟ್ಟಿಯಲ್ಲಿ ನಮೂದಿಸುತ್ತಾನೆ. ಚಂದಾ ಇಲ್ಲ, ಪ್ರತಿಜ್ಞೆ ಇಲ್ಲ. ವಿವೃತ ಸಂಸ್ಥಾನಗಳಲ್ಲಿ ಬಹುಮಟ್ಟಿಗೆ ಆ ನಮೂದೂ ಇಲ್ಲ. ಹೀಗಿರುವಾಗ “ಪರಪಕ್ಷದವನು” ಎಂಬ ಮಾತಿಗೆ ಅಲ್ಲಿ ದೃಢವಾದ ಅರ್ಥವಿಲ್ಲ. ಅದು ಕೆಲವೆಡೆ ಬರಹದ ಮಾತು, ಕೆಲವೆಡೆ ಮನಸ್ಸಿನ ಮಾತು. ಮೇಲಾಗಿ ಪ್ರಾಥಮಿಕವನ್ನು ನಡೆಸುವವರು ಬಹುಮಟ್ಟಿಗೆ ಸರ್ಕಾರದ ಅಧಿಕಾರಿಗಳು. ವೆಚ್ಚವನ್ನು ಹೊರುವುದು ಸಾರ್ವಜನಿಕ ಬೊಕ್ಕಸ.

೩. ಬಾಗಿಲು ಮುಚ್ಚಿರಬೇಕೆಂಬವರ ಪಕ್ಷ

ಸಂವೃತ ಪದ್ಧತಿಯ ಸಮರ್ಥಕರ ವಾದವು ಲಘುವಾದುದಲ್ಲ. ಪಕ್ಷವೆಂದರೆ ಸಮಾನವಾದ ಅಭಿಪ್ರಾಯವುಳ್ಳವರು ಕೂಡಿಕೊಂಡ ಸಂಘ. ಸಂಘದ ಅಭಿಪ್ರಾಯವು ಎಲ್ಲಕ್ಕಿಂತ ಸ್ಫುಟವಾಗಿ ವ್ಯಕ್ತವಾಗುವುದು ಅದು ಮುಂದೆ ನಿಲ್ಲಿಸುವ ಅಭ್ಯರ್ಥಿಯಲ್ಲಿ. ಆ ಅಭ್ಯರ್ಥಿಯನ್ನು ವಿರೋಧಿಗಳೂ ಸೇರಿ ಆರಿಸುವುದಾದರೆ, ಪಕ್ಷವು ತನ್ನ ಬಾಯಿಂದ ಇತರರ ಮಾತನ್ನಾಡಬೇಕಾಗುತ್ತದೆ. ಕ್ಯಾಲಿಫೋರ್ನಿಯಾದ ಜನರು ೧೯೯೬ರಲ್ಲಿ ತಾವೇ ಮತ ಕೊಟ್ಟು, ಮತದಾರನು ಒಂದೊಂದು ಪದವಿಗೆ ಒಂದೊಂದು ಪಕ್ಷದ ಪಟ್ಟಿಯಿಂದ ಹೆಸರನ್ನು ಆರಿಸಬಹುದಾದ ಸರ್ವವಿವೃತವಾದ ಪ್ರಾಥಮಿಕವನ್ನು ಸ್ಥಾಪಿಸಿದರು. ೨೦೦೦ದಲ್ಲಿ ಸರ್ವೋಚ್ಚ ನ್ಯಾಯಸ್ಥಾನವು ಇಬ್ಬರಿಗೆದುರಾಗಿ ಏಳು ಮಂದಿ ನ್ಯಾಯಾಧೀಶರ ಅಭಿಪ್ರಾಯದಿಂದ ಇದನ್ನು ರದ್ದುಮಾಡಿತು. ತೀರ್ಪನ್ನು ಬರೆದ ಸ್ಕಾಲಿಯ ಅವರ ತರ್ಕದ ಸಾರವು ಮೇಲೆ ಹೇಳಿದುದೇ: ಸಂಘ ಕಟ್ಟುವ ಸ್ವಾತಂತ್ರ್ಯದಲ್ಲಿ ಸಂಘಕ್ಕೆ ಬೇಡವಾದವರನ್ನು ಹೊರಗಿಡುವ ಸ್ವಾತಂತ್ರ್ಯವೂ ಅಡಗಿದೆ.

ವಿಸ್ಕಾನ್ಸಿನ್ನಿನ ಪದ್ಧತಿಗೂ ಈ ತರ್ಕದ ಬಿಸಿ ತಟ್ಟದೆ ಇರಲಿಲ್ಲ. ವಿವೃತ ಪ್ರಾಥಮಿಕದ ಫಲವನ್ನು ಅನುಸರಿಸಬೇಕಾದ ಪ್ರತಿನಿಧಿಗಳನ್ನು ರಾಷ್ಟ್ರೀಯ ಸಮ್ಮೇಳನವು ಸ್ವೀಕರಿಸಬೇಕಾಗಿಲ್ಲವೆಂದು ಡೆಮಾಕ್ರಟಿಕ್ ಪಕ್ಷವು ವಾದಿಸಿದಾಗ, ೧೯೮೧ರಲ್ಲಿ ಅದೇ ನ್ಯಾಯಸ್ಥಾನವು ಪಕ್ಷದ ಕಡೆಗೆ ತೀರ್ಪು ಕೊಟ್ಟಿತು. ಆ ಮೊಕದ್ದಮೆಯಲ್ಲಿ ಸಂಸ್ಥಾನದ ಪರವಾಗಿ ನಿಂತಿದ್ದ ಅಟಾರ್ನಿ ಜನರಲ್ ಬ್ರಾನ್ಸನ್ ಲಾ ಫಾಲೆಟ್ ಹಳೆಯ ರಾಬರ್ಟನ ಮೊಮ್ಮಗನೇ ಆಗಿದ್ದನು. ಆದರೆ ಪಕ್ಷಕ್ಕೆ ಬಾಗಿಲು ಮುಚ್ಚುವ ಹಕ್ಕಿದ್ದಂತೆ ತೆರೆಯುವ ಹಕ್ಕೂ ಇರಬೇಕಷ್ಟೆ. ಕನೆಕ್ಟಿಕಟ್ಟಿನ ರಿಪಬ್ಲಿಕನ್ ಪಕ್ಷವು ಪಕ್ಷರಹಿತರನ್ನು ಒಳಗೆ ಕರೆಯಲು ಬಯಸಿದಾಗ, ಸಂಸ್ಥಾನವು ಅಡ್ಡಬರಬಾರದೆಂದು ೧೯೮೬ರಲ್ಲಿ ತೀರ್ಪಾಯಿತು. ೨೦೦೫ರಲ್ಲಿ ಒಕ್ಲಹೋಮದ ಒಂದು ಸಣ್ಣ ಪಕ್ಷವು ಪರಪಕ್ಷದಲ್ಲಿ ನಮೂದಾದವರನ್ನೂ ಕರೆಯಹೊರಟಾಗ ಮಾತ್ರ, ಸಂಸ್ಥಾನವು ಅದನ್ನು ತಡೆಯಬಹುದೆಂದು ನ್ಯಾಯಸ್ಥಾನವು ಹೇಳಿತು. ಪಕ್ಷರಹಿತನಿಗೂ ಪರಪಕ್ಷದವನಿಗೂ ನಡುವೆ ನ್ಯಾಯಶಾಸ್ತ್ರವು ಎಳೆದ ಗೆರೆ ಇದು.

ಇನ್ನು, ಶತ್ರುಪಕ್ಷದವರು ಗುಂಪಾಗಿ ಬಂದು, ಸೋಲುವುದು ನಿಶ್ಚಯವಾದ ಅಭ್ಯರ್ಥಿಯನ್ನು ಬೇಕೆಂದೇ ಆರಿಸಿ ಹೋಗುವರೆಂಬ ಭಯವುಂಟು. ೨೦೦೮ರಲ್ಲಿ ರೇಡಿಯೋ ಭಾಷಣಕಾರ ರಷ್ ಲಿಂಬಾ ರಿಪಬ್ಲಿಕನ್ನರಿಗೆ ಡೆಮಾಕ್ರಟಿಕ್ ಪ್ರಾಥಮಿಕಗಳಲ್ಲಿ ಮತ ಕೊಟ್ಟು ಕಲಹವನ್ನು ಮುಂದುವರಿಸಿರೆಂದು ಬಹಿರಂಗವಾಗಿ ಕರೆಕೊಟ್ಟುದು ಇದಕ್ಕೆ ನಿದರ್ಶನ. ಆದರೆ ಈ ವಿಷಯವನ್ನು ಪರಿಶೀಲಿಸಿದ ವಿದ್ವಾಂಸರ ಸಾಮಾನ್ಯವಾದ ಅಭಿಪ್ರಾಯವೆಂದರೆ, ಗಡಿ ದಾಟಿ ಬರುವವರಲ್ಲಿ ಹೆಚ್ಚಿನವರು ಕೇಡು ಬಗೆದು ಬರುವವರಲ್ಲ, ಅಲ್ಲಿಯ ಒಬ್ಬ ಅಭ್ಯರ್ಥಿಯನ್ನು ನಿಜವಾಗಿ ಮೆಚ್ಚಿ ಬರುವವರು ಎಂಬುದು. ಆದುದರಿಂದ ಸಂವೃತವಾದಿಗಳ ನಿಜವಾದ ಬಲವಿರುವುದು ಈ ಭಯದಲ್ಲಲ್ಲ, ಸಂಘಸ್ವಾತಂತ್ರ್ಯದ ತತ್ತ್ವದಲ್ಲಿ.

೪. ಆ ತತ್ತ್ವದ ದುರುಪಯೋಗ

ಅದೇ ತತ್ತ್ವವನ್ನು ಕೊನೆಯವರೆಗೆ ಎಳೆದರೆ ಏನಾಗುತ್ತದೆಂಬುದಕ್ಕೆ ಇತಿಹಾಸದಲ್ಲಿ ಕಠೋರವಾದ ಉದಾಹರಣೆಯಿದೆ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ದಕ್ಷಿಣದ ಸಂಸ್ಥಾನಗಳಲ್ಲಿ ಡೆಮಾಕ್ರಟಿಕ್ ಪಕ್ಷವೊಂದೇ ಪ್ರಬಲವಾಗಿತ್ತು. ಅದರ ಪ್ರಾಥಮಿಕದಲ್ಲಿ ಗೆದ್ದವನು ಮುಖ್ಯ ಚುನಾವಣೆಯಲ್ಲಿ ಗೆಲ್ಲುವುದು ಬರಿಯ ಔಪಚಾರಿಕ ಕಾರ್ಯವಾಗಿತ್ತು. ೧೯೨೩ರಲ್ಲಿ ಟೆಕ್ಸಾಸ್ ಸಂಸ್ಥಾನವು ಕರಿಯ ಜನಾಂಗದವರು ಆ ಪ್ರಾಥಮಿಕದಲ್ಲಿ ಮತ ಕೊಡಕೂಡದೆಂದು ಶಾಸನ ಮಾಡಿತು. ೧೯೨೭ರಲ್ಲಿ ಸರ್ವೋಚ್ಚ ನ್ಯಾಯಸ್ಥಾನವು ಅದನ್ನು ರದ್ದುಮಾಡಿದಾಗ, ಸಂಸ್ಥಾನವು ಆ ಅಧಿಕಾರವನ್ನು ಪಕ್ಷದ ಕಾರ್ಯಸಮಿತಿಗೆ ಒಪ್ಪಿಸಿತು. ೧೯೩೨ರಲ್ಲಿ ಅದೂ ಬಿದ್ದುಹೋಯಿತು. ಬಳಿಕ ಪಕ್ಷದ ಸಮ್ಮೇಳನವೇ, ಶಾಸನದ ಸಹಾಯವಿಲ್ಲದೆ, ಬಿಳಿಯರು ಮಾತ್ರ ತನ್ನ ಸದಸ್ಯರೆಂದು ನಿರ್ಣಯಿಸಿತು. ೧೯೩೫ರಲ್ಲಿ ನ್ಯಾಯಸ್ಥಾನವು, ಪಕ್ಷವು ಖಾಸಗಿ ಸಂಘವಾದುದರಿಂದ ತನ್ನ ಸದಸ್ಯರಾರೆಂಬುದನ್ನು ತಾನೇ ನಿಶ್ಚಯಿಸಬಹುದೆಂದು ಒಪ್ಪಿಕೊಂಡಿತು! ಒಂಬತ್ತು ವರ್ಷಗಳ ತರುವಾಯ, ೧೯೪೪ರಲ್ಲಿ, ‘ಸ್ಮಿತ್ ವಿರುದ್ಧ ಆಲ್‌ರೈಟ್’ ಎಂಬ ಮೊಕದ್ದಮೆಯಲ್ಲಿ ಆ ತೀರ್ಪು ತಿರುಗಿ, ಪ್ರಾಥಮಿಕವು ಸಾರ್ವಜನಿಕ ಚುನಾವಣೆಯ ಅಂಗವೆಂದು ಸಿದ್ಧಾಂತವಾಯಿತು. ಆ ಮೇಲೂ ಟೆಕ್ಸಾಸಿನ ಫೋರ್ಟ್ ಬೆಂಡ್ ಪ್ರಾಂತದಲ್ಲಿ ಬಿಳಿಯರ ‘ಜೇಬರ್ಡ್’ ಸಂಘವು ಪ್ರಾಥಮಿಕಕ್ಕೂ ಮುಂಚೆ ತನ್ನದೇ ಒಂದು ಚುನಾವಣೆಯನ್ನು ನಡೆಸಿ ಫಲವನ್ನು ಮೊದಲೇ ಗೊತ್ತುಮಾಡುತ್ತಿತ್ತು. ೧೯೫೩ರಲ್ಲಿ ಅದನ್ನೂ ನ್ಯಾಯಸ್ಥಾನವು ನಿಲ್ಲಿಸಬೇಕಾಯಿತು.

ಜನಾಂಗವನ್ನು ನೋಡಿ ಹೊರಗಿಡುವುದೂ ಪಕ್ಷವನ್ನು ನೋಡಿ ಹೊರಗಿಡುವುದೂ ಸಮಾನವೆಂದು ನಾವು ಹೇಳುತ್ತಿಲ್ಲ. ಮೊದಲನೆಯದು ಹುಟ್ಟಿನಿಂದ ಬಂದುದು, ಬಿಡಲಾಗದುದು. ಎರಡನೆಯದು ಆರಿಸಿಕೊಂಡುದು, ಬಿಡಬಹುದಾದುದು. ಆದರೆ ಈ ಚರಿತ್ರೆಯಿಂದ ಒಂದು ನ್ಯಾಯವು ಸ್ಪಷ್ಟವಾಗುತ್ತದೆ. ಫಲವು ನಿರ್ಣಯವಾಗುವ ಸ್ಥಳ ಯಾವುದೋ ಅದೇ ನಿಜವಾದ ಚುನಾವಣೆ. ಅದನ್ನು ಯಾವ ಹೆಸರಿನಿಂದ ಕರೆದರೂ, ಅಲ್ಲಿಂದ ಹೊರಗುಳಿದವನು ಮತಾಧಿಕಾರವನ್ನು ಹೆಸರಿಗೆ ಮಾತ್ರ ಉಳ್ಳವನು.

೫. ಮಿಸಿಸಿಪಿಯ ಪ್ರಸಂಗ

ಇದೇ ನ್ಯಾಯವು ಇತ್ತೀಚಿನ ಕಾಲದಲ್ಲಿ ಬೇರೊಂದು ವೇಷದಲ್ಲಿ ಕಾಣಿಸಿಕೊಂಡಿತು. ಮಿಸಿಸಿಪಿಯಲ್ಲಿ ಈಗ ಪ್ರಬಲವಾಗಿರುವುದು ರಿಪಬ್ಲಿಕನ್ ಪಕ್ಷ. ೨೦೧೪ರಲ್ಲಿ ಬಹುಕಾಲದಿಂದ ಸೆನೆಟ್ ಸದಸ್ಯನಾಗಿದ್ದ ಥ್ಯಾಡ್ ಕಾಕ್ರನ್‌ಗೆ ಸ್ವಪಕ್ಷದ ಉಗ್ರವಾದಿಗಳ ಬೆಂಬಲವಿದ್ದ ಕ್ರಿಸ್ ಮೆಕ್‌ಡೇನಿಯಲ್ ಎದುರಾದನು. ಜೂನ್ ೩ರ ಪ್ರಾಥಮಿಕದಲ್ಲಿ ಮೆಕ್‌ಡೇನಿಯಲ್ ಸ್ವಲ್ಪ ಮುಂದಿದ್ದರೂ ಇಬ್ಬರಿಗೂ ಬಹುಮತ ಬರಲಿಲ್ಲ. ಜೂನ್ ೨೪ರ ಎರಡನೆಯ ಸುತ್ತಿಗೆ ಮುಂಚೆ ಕಾಕ್ರನ್ ಪಕ್ಷದವರು, ರೂಢಿಯಂತೆ ಡೆಮಾಕ್ರಟರಾಗಿದ್ದ ಕರಿಯ ಮತದಾರರನ್ನು ಬಹಿರಂಗವಾಗಿ ಕರೆದರು. ಮೊದಲ ಸುತ್ತಿಗಿಂತ ಹೆಚ್ಚು ಜನ ಮತ ಕೊಟ್ಟರು; ಕಾಕ್ರನ್ ಸುಮಾರು ಏಳೂವರೆ ಸಾವಿರ ಮತಗಳ ಅಂತರದಿಂದ ಗೆದ್ದನು. ಸೋತವನು, ಪಕ್ಷದ ನಿರ್ಣಯವನ್ನು ಪರಪಕ್ಷದವರು ಅಪಹರಿಸಿದರೆಂದು ದೂರಿದನು. ತಕರಾರು ತಡವಾಗಿ ಬಂದಿತೆಂಬ ಕಾರಣದಿಂದ ನ್ಯಾಯಾಲಯವು ಅದನ್ನು ತಳ್ಳಿಹಾಕಿತು.

ಆ ದೂರು ಸುಳ್ಳೆನ್ನಲಾಗದು. ಸ್ವಪಕ್ಷದವರ ಮತವನ್ನು ಮಾತ್ರ ಎಣಿಸಿದ್ದರೆ ಫಲವು ಬೇರೆಯಾಗುತ್ತಿತ್ತೆಂದು ನಂಬಲು ಕಾರಣವಿದೆ. ಆದರೆ ಆ ಮತದಾರರ ಕಡೆಯಿಂದ ನೋಡೋಣ. ತಮ್ಮ ಪಕ್ಷದ ಅಭ್ಯರ್ಥಿ ನವೆಂಬರಿನಲ್ಲಿ ಗೆಲ್ಲುವ ಆಸೆ ಅವರಿಗಿರಲಿಲ್ಲ. ತಮ್ಮನ್ನು ಆರು ವರ್ಷಗಳ ಕಾಲ ಪ್ರತಿನಿಧಿಸುವವನು ಯಾರೆಂಬುದು ಜೂನ್ ೨೪ರಂದೇ ನಿಶ್ಚಯವಾಗಲಿತ್ತು. ಹಿಂದಿನ ತಲೆಮಾರಿನ ಕರಿಯ ಪ್ರಜೆಗಳು ಯಾವ ಬಾಗಿಲಲ್ಲಿ ತಡೆಯಲ್ಪಟ್ಟಿದ್ದರೋ ಅಂಥದೇ ಬಾಗಿಲಿನಿಂದ, ಪಕ್ಷದ ಹೆಸರು ಮಾತ್ರ ಬದಲಾಗಿ, ಇವರು ಒಳಗೆ ಹೋದರು. ಇದನ್ನು ಅಪಹರಣವೆನ್ನಬೇಕೆ, ಪೌರಧರ್ಮವೆನ್ನಬೇಕೆ? ಅಲ್ಲಿ ಪ್ರಾಥಮಿಕವು ಮನೆಯಾಗಿ ಉಳಿದಿರಲಿಲ್ಲ, ಚಾವಡಿಯಾಗಿತ್ತು ಎಂಬುದೇ ಉತ್ತರ.

೬. ಇತರ ಉಪಾಯಗಳು

ಈ ತೊಡಕಿನಿಂದ ಪಾರಾಗಲು ಕೆಲವು ಸಂಸ್ಥಾನಗಳು ಪಕ್ಷದ ಪ್ರಾಥಮಿಕವನ್ನೇ ಕೈಬಿಟ್ಟಿವೆ. ವಾಷಿಂಗ್‌ಟನ್ ಸಂಸ್ಥಾನದಲ್ಲಿ ೨೦೦೮ರಿಂದ, ಕ್ಯಾಲಿಫೋರ್ನಿಯಾದಲ್ಲಿ ೨೦೧೨ರಿಂದ, ಎಲ್ಲ ಪಕ್ಷದವರೂ ಒಂದೇ ಪಟ್ಟಿಯಲ್ಲಿ ನಿಂತು, ಎಲ್ಲ ಮತದಾರರೂ ಮತ ಕೊಟ್ಟು, ಮೊದಲ ಇಬ್ಬರು ಮುಂದಕ್ಕೆ ಹೋಗುತ್ತಾರೆ. ತತ್ತ್ವದಲ್ಲಿ ಇದು ನಿರ್ದುಷ್ಟವಾದುದು, ಪ್ರಯೋಗದಲ್ಲಿ ಹಾಗಲ್ಲ. ೨೦೧೨ರಲ್ಲಿ ಕ್ಯಾಲಿಫೋರ್ನಿಯಾದ ೩೧ನೆಯ ಕಾಂಗ್ರೆಸ್ ಕ್ಷೇತ್ರದಲ್ಲಿ, ಅದು ಡೆಮಾಕ್ರಟಿಕ್ ಪಕ್ಷದ ಕಡೆಗೆ ಒಲಿದಿದ್ದರೂ, ಆ ಪಕ್ಷದ ನಾಲ್ವರು ಮತಗಳನ್ನು ಹಂಚಿಕೊಂಡುದರಿಂದ ಇಬ್ಬರು ರಿಪಬ್ಲಿಕನ್ನರೇ ಮುಂದಕ್ಕೆ ಹೋದರು. ೧೯೭೫ರಿಂದ ಸರ್ವಪಕ್ಷದ ಪ್ರಾಥಮಿಕವನ್ನು ನಡೆಸುತ್ತಿದ್ದ ಲೂಯಿಸಿಯಾನ ಸಂಸ್ಥಾನವು, ಕಾಂಗ್ರೆಸ್ ಮೊದಲಾದ ಕೆಲವು ಸ್ಥಾನಗಳಿಗೆ ೨೦೨೬ರಿಂದ ಪಕ್ಷದ ಪ್ರಾಥಮಿಕಕ್ಕೆ ಮರಳಬೇಕೆಂದು ೨೦೨೪ರಲ್ಲಿ ಶಾಸನ ಮಾಡಿತು. ಅಲಾಸ್ಕವು ೨೦೨೦ರಲ್ಲಿ ಮೊದಲ ನಾಲ್ವರನ್ನು ಮುಂದೆ ಕಳುಹಿಸಿ, ಮುಖ್ಯ ಚುನಾವಣೆಯಲ್ಲಿ ಮತದಾರನು ಅವರನ್ನು ಇಷ್ಟದ ಕ್ರಮದಲ್ಲಿ ಗುರುತಿಸುವ ಪದ್ಧತಿಯನ್ನು ಅಂಗೀಕರಿಸಿತು. ಅದನ್ನು ತೆಗೆದುಹಾಕುವ ಪ್ರಯತ್ನವು ೨೦೨೪ರಲ್ಲಿ ಸಾವಿರಕ್ಕೂ ಕಡಮೆ ಮತಗಳ ಅಂತರದಿಂದ ವಿಫಲವಾಯಿತು.

ಬಾಗಿಲು ತೆರೆದರೆ ಉಗ್ರರು ಸೋತು ಮಧ್ಯಮಮಾರ್ಗದವರು ಗೆಲ್ಲುವರೆಂಬ ಆಶೆಯನ್ನೂ ಮಿತವಾಗಿಯೇ ಇಟ್ಟುಕೊಳ್ಳಬೇಕು. ಸಂಸ್ಥಾನಗಳ ಶಾಸನಸಭಾ ಸದಸ್ಯರ ನಡವಳಿಕೆಯನ್ನು ಪ್ರಾಥಮಿಕದ ಬಗೆಯೊಡನೆ ಹೋಲಿಸಿ ಮೆಗೀ, ಮ್ಯಾಸ್ಕೆಟ್ ಮೊದಲಾದ ಐವರು ವಿದ್ವಾಂಸರು ೨೦೧೪ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ವಿವೃತಸಂವೃತ ಭೇದದಿಂದ ಸದಸ್ಯರ ಉಗ್ರತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದುದರಿಂದ ಈ ಪ್ರಶ್ನೆಯನ್ನು ಫಲದ ಆಸೆಯಿಂದಲ್ಲ, ನ್ಯಾಯದ ದೃಷ್ಟಿಯಿಂದಲೇ ತೀರ್ಮಾನಿಸಬೇಕು.

೭. ಉಪಸಂಹಾರ

ಮುಖ್ಯ ಚುನಾವಣೆಯು ನಿಜವಾದ ಸ್ಪರ್ಧೆಯಾಗಿರುವ ಕಡೆ, ಪರಪಕ್ಷದವನನ್ನು ಪ್ರಾಥಮಿಕದಿಂದ ಹೊರಗಿಟ್ಟರೆ ಅವನಿಗೆ ಅನ್ಯಾಯವಿಲ್ಲ. ಅವನ ಸರದಿ ಮುಂದಿದೆ. ಒಂದೇ ಪಕ್ಷ ಪ್ರಬಲವಾಗಿರುವ ಕಡೆ ಹೊರಗಿಟ್ಟರೆ, ಅವನ ಸರದಿ ಬರುವುದೇ ಇಲ್ಲ. ಕ್ಷೇತ್ರಕ್ಕೊಂದು ಕಾನೂನನ್ನು ಮಾಡುವುದು ಶಕ್ಯವಲ್ಲ. ಇಂದು ಸ್ಪರ್ಧೆಯಿರುವ ಕಡೆ ನಾಳೆ ಇಲ್ಲದಿರಬಹುದು. ಹೀಗಾಗಿ ಎರಡು ಹಕ್ಕುಗಳನ್ನೂ ಯಥಾಶಕ್ತಿ ಕಾಪಾಡುವ ಮಾರ್ಗವೆಂದರೆ, ಬಾಗಿಲನ್ನು ತೆರೆದಿಟ್ಟು ಹೊಸ್ತಿಲನ್ನು ಉಳಿಸಿಕೊಳ್ಳುವುದು ಎಂದು ನಮಗೆ ತೋರುತ್ತದೆ. ಟೆಕ್ಸಾಸಿನಲ್ಲಿ ಈಗಿರುವ ಕ್ರಮವು ಇದಕ್ಕೆ ಹತ್ತಿರವಾದುದು: ಯಾರು ಬೇಕಾದರೂ ಬರಬಹುದು, ಆದರೆ ಯಾವ ಪಕ್ಷದ ಪಟ್ಟಿ ಬೇಕೆಂದು ಬಾಯಿಬಿಟ್ಟು ಕೇಳಬೇಕು, ಅದು ದಾಖಲೆಯಾಗುತ್ತದೆ, ಆ ವರ್ಷದ ಎರಡನೆಯ ಸುತ್ತಿನಲ್ಲಿ ಇನ್ನೊಂದು ಪಕ್ಷದ ಕಡೆಗೆ ತಿರುಗುವಂತಿಲ್ಲ. ಹೊಸ್ತಿಲು ದಾಟುವವನು ತನ್ನ ಪಕ್ಷದ ಆಯ್ಕೆಯಲ್ಲಿ ತನಗಿದ್ದ ಪಾಲನ್ನು ಬಿಟ್ಟುಕೊಟ್ಟು ಬರುತ್ತಾನೆ. ಬರಿಯ ಕುಚೇಷ್ಟೆಗಾಗಿ ಈ ಬೆಲೆಯನ್ನು ತೆರುವವರು ಕೆಲವರೇ. ತನ್ನನ್ನು ಆಳುವವರಾರೆಂಬ ವಿಷಯದಲ್ಲಿ ಒಂದು ಮಾತು ಹೇಳಬೇಕೆಂಬವನು ಸಂತೋಷದಿಂದ ತೆರುತ್ತಾನೆ.

ಅಭ್ಯರ್ಥಿಗಳನ್ನು ಆರಿಸುವ ಕ್ರಮವನ್ನು ಶಾಸನದಿಂದ ವಿಧಿಸಬೇಕೆಂಬ ವಿಚಾರವು ನಮ್ಮ ದೇಶದಲ್ಲಿ ಎಂದಾದರೂ ಎದ್ದರೆ, ಅಮೆರಿಕದ ಈ ಅನುಭವವು ಉಪಯುಕ್ತವಾಗಬಲ್ಲದು. ಪಕ್ಷದ ಬಾಗಿಲು ಎಷ್ಟು ಅಗಲವಾಗಿರಬೇಕು ಎಂದು ಕೇಳುವುದಕ್ಕೆ ಮೊದಲು, ಆ ಬಾಗಿಲಿನ ಒಳಗೆ ನಡೆಯುತ್ತಿರುವುದು ಯಾರ ಕೆಲಸ ಎಂದು ಕೇಳಬೇಕೆಂಬುದೇ ಅದರ ಸಾರ.